ಎರಡನೇ ಹಲಗೆ, ಎಡದಿಂದ ಮೂರನೆಯದು

ಜೂನ್ ೩, ಸೋಮವಾರ

ಇವತ್ತು ನನ್ನ ಕೈಗೆ ಒಂದು ಸುಳ್ಳಿನ ಕಂತೆ ಬಂತು. ನೀಲಿ ರಟ್ಟು, ಸವೆದ ಮೂಲೆ, ಮೇಲೆ ದುಂಡನೆಯ ಅಕ್ಷರದಲ್ಲಿ 'ಅಪಾಯಕಾರಿ ರಾಸಾಯನಿಕಗಳ ರಿಜಿಸ್ಟರು'. ನಾನು ಶಾಲೆಯ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ದಿನ ಇದು. ರಿಜಿಸ್ಟರು ಕೊಡುವಾಗ ಹೆಡ್ ಮೇಡಂ, ಇದರಲ್ಲಿ ಹೆಚ್ಚೇನೂ ಕೆಲಸ ಇರುವುದಿಲ್ಲ ಎಂದರು. ತೆರೆದು ನೋಡಿದರೆ ನಿಜವಾಗಿಯೂ ಯಾರೂ ಏನೂ ಕೆಲಸ ಮಾಡಿಲ್ಲ. ಮೊದಲ ಸಾಲಿನಲ್ಲಿ 'ದಾಸ್ತಾನು ಸರಿಯಿದೆ' ಎಂದಿದೆ. ಅದರ ಕೆಳಗೆ 'ಮೇಲಿನಂತೆಯೇ' ಎಂಬುದಕ್ಕೆ ಎರಡು ಗೀಟು. ಅದರ ಕೆಳಗೆ ಮತ್ತೆರಡು. ಪುಟ ತಿರುವುತ್ತಾ ಹೋದರೆ ಗೀಟು, ಗೀಟು, ಬರೀ ಗೀಟು. ಒಂದು ಶಾಲೆಯ ಸುರಕ್ಷತೆಯೆಲ್ಲ ಈ ಗೀಟುಗಳ ಮೇಲೆ ನಿಂತಿದೆ.

'ಕೆಲಸದ ಜಾಗದಲ್ಲಿ ಸತ್ಯ' ಎಂಬ ಕಿರುಹೊತ್ತಿಗೆಯ ಐದನೇ ಪುಟದಲ್ಲಿ ಇದನ್ನೇ ಹೇಳಿದೆ: ಸೋಮಾರಿತನ ಮೊದಲು ಸೇರಿಕೊಳ್ಳುವುದು ದಾಖಲೆಯಲ್ಲಿ. ನಾನು ಆ ಸಾಲಿನ ಕೆಳಗೆ ಹಿಂದೆಯೇ ಕೆಂಪು ಗೆರೆ ಎಳೆದಿದ್ದೆ. ಇವತ್ತು ಇನ್ನೊಂದು ಎಳೆದೆ.

ಲ್ಯಾಬ್ ಮಾತ್ರ ಇಷ್ಟವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಉದ್ದನೆಯ ಕೋಣೆ, ಕಪ್ಪು ಕಲ್ಲಿನ ಮೇಜುಗಳು, ಅವುಗಳ ಮೇಲೆ ಎಷ್ಟೋ ತರಗತಿಗಳು ಬಿಟ್ಟು ಹೋದ ಆಸಿಡ್ ಕಲೆಗಳು. ಗೋಡೆಗೆ ಒಂದು ದೊಡ್ಡ ಕಪಾಟು. ಒಳಗೆ ಬಾಟಲಿಗಳ ಸಂತೆ: ಕುಳ್ಳಗಿನದು, ಉದ್ದದ್ದು, ಚಪ್ಪಟೆ ಹೊಟ್ಟೆಯದು, ಒಂದಕ್ಕೆ ಗಾಜಿನ ಮುಚ್ಚಳ, ಒಂದಕ್ಕೆ ಬೂಚು, ಇನ್ನೊಂದರ ಕುತ್ತಿಗೆಗೆ ಸೆಣಬಿನ ದಾರ. ಒಂದರ ಹಾಗೆ ಇನ್ನೊಂದಿಲ್ಲ.

ರಸಾಯನಶಾಸ್ತ್ರದ ಮೇಷ್ಟ್ರನ್ನು ಮಕ್ಕಳು ಗಂಧಕ ಮೇಷ್ಟ್ರು ಅನ್ನುತ್ತಾರೆ, ಹಳದಿ ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲವಂತೆ. ಬರುವ ಮಾರ್ಚಿಗೆ ನಿವೃತ್ತಿ. ನಾನು ನಮಸ್ಕಾರ ಹೇಳಿದರೆ ಈ ಮನುಷ್ಯ ನನ್ನ ಮುಖವನ್ನು ನೋಡಲೇ ಇಲ್ಲ. ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಾ ತಲೆಯಾಡಿಸಿದರು. ಇದು ಯಜಮಾನಿಕೆಯ ನೋಟ. ಗುರುತಿಟ್ಟುಕೊಂಡಿದ್ದೇನೆ.

ಜೂನ್ ೫, ಬುಧವಾರ

ದಾಸ್ತಾನು ಎಣಿಸಲು ಶುರು ಮಾಡಿದೆ. ಕಪಾಟಿನಲ್ಲಿ ಯಾವ ಕ್ರಮವೂ ಇಲ್ಲ. ನೈಟ್ರಿಕ್ ಆಸಿಡ್ ಪಕ್ಕದಲ್ಲೇ ಸ್ಪಿರಿಟ್ ಕ್ಯಾನು, ಹಾವೂ ಮುಂಗುಸಿಯೂ ಒಂದೇ ಚಾಪೆಯ ಮೇಲೆ ಮಲಗಿದ ಹಾಗೆ. 'ಶಾಲಾ ಪ್ರಯೋಗಾಲಯ: ಎಚ್ಚರದ ಕೈಪಿಡಿ' ಸ್ಪಷ್ಟವಾಗಿ ಹೇಳುತ್ತದೆ: ಬೆಂಕಿ ಹತ್ತುವುದು ಒಂದು ಕಡೆ, ಬೆಂಕಿಯನ್ನು ಕೆರಳಿಸುವುದು ಇನ್ನೊಂದು ಕಡೆ, ಆಮ್ಲ ಬೇರೆ, ಕ್ಷಾರ ಬೇರೆ.

ಮೇಷ್ಟ್ರ ಬಳಿ ಹೋಗಿ, ಇದನ್ನೆಲ್ಲ ವರ್ಗ ಪ್ರಕಾರ ಜೋಡಿಸಬೇಕು ಎಂದೆ. ಅವರು ಸತುವಿನ ಚೂರುಗಳನ್ನು ಅಂಗೈಯಲ್ಲಿ ಉರುಳಿಸುತ್ತಿದ್ದರು.

"ಇದ್ದಲ್ಲೇ ಇರಲಿ ಬಿಡಮ್ಮ."

ಯಾಕೆ ಎಂದು ಕೇಳಿದೆ. ಅಭ್ಯಾಸ ಎಂದರು.

ಪ್ರಪಂಚದಲ್ಲಿ ಇಲ್ಲಿಯ ತನಕ ನಡೆದ ಅನ್ಯಾಯಗಳಿಗೆಲ್ಲ ಯಾರೋ ಒಬ್ಬರು ಕೊಟ್ಟ ಕಾರಣ ಇದೇ. ಹಾಗೆಂದು ಅವರಿಗೂ ಹೇಳಿದೆ. ಅವರು ನಕ್ಕು, ಪಕ್ಕದಲ್ಲಿದ್ದ ಒಂಬತ್ತನೇ ತರಗತಿಯ ಎರಡು ಜಡೆಯ ಹುಡುಗಿಗೆ, ಥರ್ಮಾಮೀಟರ್ ಎಷ್ಟು ತೋರಿಸ್ತಿದೆ ನೋಡಿ ಹೇಳು ಎಂದರು. ಥರ್ಮಾಮೀಟರ್ ಅವರ ಮೂಗಿನ ಕೆಳಗೇ ಇತ್ತು.

ಜೂನ್ ೮, ಶನಿವಾರ

ಮನೆಯಲ್ಲಿ ಪಾಲಿಸದ ತತ್ವವನ್ನು ಹೊರಗೆ ಹೇಳುವುದು ಬೂಟಾಟಿಕೆ. ಆದ್ದರಿಂದ ಇವತ್ತು ಮನೆಗೂ ಒಂದು ರಿಜಿಸ್ಟರು ಶುರು ಮಾಡಿದೆ. ಬಚ್ಚಲುಮನೆಯಲ್ಲಿ ಫಿನಾಯಿಲ್, ಬ್ಲೀಚಿಂಗ್ ಪುಡಿ, ಸಿಂಕಿಗೆ ಸುರಿಯುವ ಕಾಸ್ಟಿಕ್. ಅಣ್ಣನ ಶೇವಿಂಗ್ ಲೋಶನ್ನಿಗೆ 'ಬೆಂಕಿ ಹತ್ತುವ ವಸ್ತು' ಎಂದು ಚೀಟಿ ಅಂಟಿಸಿದೆ. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರ ಮಷೀನಿನ ಎಣ್ಣೆಗೂ ಒಂದು ಚೀಟಿ.

ಅಣ್ಣ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಹೊರಗೆ ಬಂದು, ಇನ್ನು ಮುಖ ತೊಳೆಯೋಕೂ ನಿನ್ನ ಸಹಿ ಬೇಕಾ ಎಂದು ಕೇಳಿದ. ಅತ್ತಿಗೆ ಉಳಿದ ಚೀಟಿಗಳನ್ನು ಎತ್ತಿಟ್ಟುಕೊಂಡರು. ಸಂಜೆ ಕನ್ನಡಿ ಮುಂದೆ ತಿರುಗಿ ನಿಂತಾಗ ನನ್ನ ಬೆನ್ನಿಗೆ ಒಂದು ಚೀಟಿ ಅಂಟಿರುವುದು ಕಂಡಿತು: 'ಅಲುಗಾಡಿಸಬೇಡಿ. ತಣ್ಣನೆಯ ಜಾಗದಲ್ಲಿ ಇಡಿ.'

ಈ ಮನೆಯಲ್ಲಿ ಯಾವ ಚಳವಳಿಯೂ ಬೇರು ಬಿಡುವುದಿಲ್ಲ.

ಜೂನ್ ೧೨, ಬುಧವಾರ

ಗಂಧಕ ಮೇಷ್ಟ್ರ ವಿರುದ್ಧ ಒಂದು ಪಟ್ಟಿಯೇ ಸಿದ್ಧವಾಗುತ್ತಿದೆ.

ಎಲ್ಲವನ್ನೂ ಮಕ್ಕಳಿಂದ ಓದಿಸುತ್ತಾರೆ. ಅಳತೆ ಜಾಡಿಯ ಗೆರೆ, ತಕ್ಕಡಿಯ ಮುಳ್ಳು, ಸ್ಟಾಫ್ ರೂಮಿನ ನೋಟೀಸು, ಕಡೆಗೆ ದಿನಪತ್ರಿಕೆಯ ತಲೆಬರಹ ಕೂಡ. ಇದು ಬಿಟ್ಟಿ ಚಾಕರಿ. ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮುಚ್ಚಳ ತೆಗೆದು ಮೂಸುತ್ತಾರೆ. ಮೂಸುವುದು ಕೈಪಿಡಿಯ ಪ್ರಕಾರ ಮಹಾಪರಾಧ, ಆ ಪುಟದಲ್ಲಿ ತಲೆಬುರುಡೆಯ ಚಿತ್ರವೇ ಇದೆ.

ಪುಟ ತೆಗೆದು ಅವರ ಮುಂದೆ ಹಿಡಿದೆ. ನೀನೇ ಓದು ಎಂದರು. ನಾನು ಪೂರ್ತಿ ಓದಿದೆ, ಅಡಿಟಿಪ್ಪಣಿ ಸಮೇತ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಚೆನ್ನಾಗಿ ಓದ್ತೀಯ," ಎಂದರು.

ಇಷ್ಟು ನಯವಾದ ಅವಮಾನ ನನಗೆ ಈವರೆಗೆ ಆಗಿರಲಿಲ್ಲ.

ಜೂನ್ ೧೫, ಶನಿವಾರ

ಆಯಿತು. ಮಾಡಿ ಮುಗಿಸಿದೆ.

ಶೀತವೆಂದು ಮೇಷ್ಟ್ರು ಎರಡು ದಿನ ರಜೆ ಹಾಕಿದ್ದಾರೆ. ಹೆಡ್ ಮೇಡಂ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾ ಕೈಯಲ್ಲೇ ಒಪ್ಪಿಗೆ ಕೊಟ್ಟರು. ಮಕ್ಕಳು ಹೋದ ಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು ಇಡೀ ಕಪಾಟನ್ನು ಬರಿದು ಮಾಡಿದೆ. ಸ್ಟೋರಿನಲ್ಲಿ ಒಂದು ಪೆಟ್ಟಿಗೆ ಹೊಸ ಬಾಟಲಿ ಹಾಗೇ ಬಿದ್ದಿತ್ತು. ಕಂದು ಗಾಜು, ಕೆಂಪು ಮುಚ್ಚಳ, ಎಲ್ಲ ಒಂದೇ ಅಳತೆ. ಆಸಿಡ್‌ಗಳನ್ನೆಲ್ಲ ಅವುಗಳಿಗೆ ವರ್ಗಾಯಿಸಿ, ಹಳೆಯ ಲೇಬಲ್ಲಿನಲ್ಲಿ ಇದ್ದದ್ದನ್ನೆಲ್ಲ ಹೊಸ ಲೇಬಲ್ಲಿಗೆ ದಪ್ಪ ಅಕ್ಷರದಲ್ಲಿ ನಕಲು ಮಾಡಿದೆ. ಆ ಕುಳ್ಳ, ಚಪ್ಪಟೆ, ದಾರ ಕಟ್ಟಿದ ಬಾಟಲಿಗಳನ್ನು ತೊಳೆದು ಹಳೆಯ ಗಾಜಿನ ರಾಶಿಗೆ ಹಾಕಿದೆ. ಈಗ ಯಾವ ಆಸಿಡ್ಡೂ ಇನ್ನೊಂದಕ್ಕಿಂತ ಮೇಲಲ್ಲ, ಕೀಳಲ್ಲ. ಸಾಲಾಗಿ ನಿಂತ ಕೆಂಪು ಮುಚ್ಚಳಗಳನ್ನು ನೋಡಿ ಎದೆ ತುಂಬಿ ಬಂತು, ಮೆರವಣಿಗೆಯೇ ನಿಂತ ಹಾಗಿತ್ತು.

ಯಾವುದು ಎಲ್ಲಿ ಎಂಬ ಪಟ್ಟಿಯನ್ನು ನನ್ನ ಅತ್ಯುತ್ತಮ ಕೈಬರಹದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ರಿಜಿಸ್ಟರಿನಲ್ಲಿ ಪ್ರತಿಯೊಂದಕ್ಕೂ ಹೊಸ ಸಾಲು. ಒಂದೂ ಗೀಟಿಲ್ಲ.

ಜೂನ್ ೧೭, ಸೋಮವಾರ

ಮೇಷ್ಟ್ರು ಬಂದರು, ಮೂಗು ಇನ್ನೂ ಕಟ್ಟಿದೆ. ಪಟ್ಟಿ ಬಾಗಿಲ ಮೇಲಿದೆ ಸರ್, ಓದಿಕೊಳ್ಳಿ ಎಂದೆ. ಅವರು ಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ, ಒಳ್ಳೆ ಕೆಲಸ ಮಾಡಿದ್ದೀಯ ಎಂದು ಹೇಳಿ ಹೊರಟುಹೋದರು.

ಹಳೆಯ ವ್ಯವಸ್ಥೆ ಇಷ್ಟು ಸುಲಭವಾಗಿ ಕುಸಿಯುತ್ತದೆ ಎಂದು ಯಾವ ಕಿರುಹೊತ್ತಿಗೆಯಲ್ಲೂ ಬರೆದಿಲ್ಲ.

ಜೂನ್ ೧೮, ಮಂಗಳವಾರ

ಬಟ್ಟೆಯಲ್ಲಿ ಇನ್ನೂ ಹೊಗೆಯ ವಾಸನೆಯಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ.

ಒಂಬತ್ತನೇ ತರಗತಿಗೆ ಜಲಜನಕದ ಪಾಠ. ಸತುವಿನ ಚೂರಿಗೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಗುಳ್ಳೆ ಬರುತ್ತದೆ, ಬೆಂಕಿಕಡ್ಡಿ ಹಿಡಿದರೆ ಟಪ್ ಎನ್ನುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದೆ. ಮೇಷ್ಟ್ರು ನನಗೆ ಕಾಯದೆ ತಾವೇ ಕಪಾಟಿಗೆ ಹೋಗಿ ಬಾಟಲಿ ತಂದಿದ್ದಾರೆ. ಟಪ್ ಎನ್ನುವ ಬದಲು ಒಂದು ಮೌನ, ಆಮೇಲೆ ಮಕ್ಕಳು ಒಟ್ಟಿಗೆ ಓ ಎಂದದ್ದು ಕೇಳಿಸಿತು. ಬಂದು ನೋಡಿದರೆ ಟ್ಯೂಬಿನ ಬಾಯಿಂದ ಕಂದು ಹೊಗೆ ದಪ್ಪಗೆ ಉಕ್ಕುತ್ತಿದೆ. ನೈಟ್ರಿಕ್, ಅದೂ ನೀರು ಸೋಕದ್ದು.

ಮೇಷ್ಟ್ರು ಟ್ಯೂಬನ್ನು ಕಿಟಕಿಯ ಹೊರಗಿನ ಕಲ್ಲಿನ ಮೇಲಿಟ್ಟು, ಎಲ್ಲರೂ ಹೊರಗೆ, ಓಡಬೇಡಿ ಎಂದರು. ಯಾರೂ ಓಡಲಿಲ್ಲ. ಕೊನೆಯವರಾಗಿ ತಾವು ಬಂದು ಬಾಗಿಲೆಳೆದುಕೊಂಡರು.

"ಎಲ್ಲಾ ಬಂದ್ರಾ? ನೀನು ಎಣಿಸು," ಎಂದು ನನಗೆ ಹೇಳಿದರು. ಇಂಥ ಹೊತ್ತಿನಲ್ಲೂ ಎಣಿಸುವ ಕೆಲಸ ನನಗೇ. ಎಣಿಸಿದೆ. ಎಲ್ಲರೂ ಇದ್ದರು. ಯಾರಿಗೂ ಕೆಮ್ಮು ಕೂಡ ಹೆಚ್ಚು ಬರಲಿಲ್ಲ. ಮಕ್ಕಳಿಗಂತೂ ಇದು ವರ್ಷದ ಅತ್ಯುತ್ತಮ ಪಾಠ.

ಆಮೇಲೆ ಕಪಾಟು ನೋಡಿದೆ. ಎರಡನೇ ಹಲಗೆ, ಎಡದಿಂದ ಮೂರನೆಯದು. ಮೊದಲು ಅಲ್ಲಿ ಇದ್ದದ್ದು ನೀರು ಬೆರೆಸಿದ ಸಲ್ಫ್ಯೂರಿಕ್. ಈಗ ಇರುವುದು ನೈಟ್ರಿಕ್, ಲೇಬಲ್ ಮುಂದಕ್ಕೆ, ದಪ್ಪ ಅಕ್ಷರ. ಲೇಬಲ್ ಓದದೆ ಬಾಟಲಿ ಎತ್ತಿದ್ದಾರೆ. ಇಷ್ಟು ವರ್ಷದ ಮೇಷ್ಟ್ರು!

ಹೆಡ್ ಮೇಡಂ, ರಿಜಿಸ್ಟರು ನೋಡಿಕೊಳ್ಳುವವಳು ನಾನಾದ್ದರಿಂದ ಘಟನೆಯ ಕಾರಣವನ್ನು ನಾನೇ ಬರೆದು, ಮೇಷ್ಟ್ರ ಸಹಿ ಹಾಕಿಸಿ ಶುಕ್ರವಾರದೊಳಗೆ ಕೊಡಬೇಕು ಎಂದಿದ್ದಾರೆ. ಬರೆಯುತ್ತೇನೆ. ಬಿಡುವುದಿಲ್ಲ.

ಜೂನ್ ೧೯, ಬುಧವಾರ

ವರದಿ ಬರೆದುಕೊಂಡು ಹೋದೆ. 'ಕರ್ತವ್ಯದಲ್ಲಿ ಅಕ್ಷಮ್ಯ ನಿರ್ಲಕ್ಷ್ಯ' ಎಂಬ ಮಾತು ಎರಡು ಕಡೆ ಬಂದಿತ್ತು. ಶಾಲೆ ಬಿಟ್ಟಿತ್ತು. ಮೇಷ್ಟ್ರು ಖಾಲಿ ಲ್ಯಾಬಿನಲ್ಲಿ ಕೂತಿದ್ದರು. ಸಹಿ ಹಾಕಿ ಸರ್ ಎಂದೆ. ಓದು ಎಂದರು. ನಾನು ಓದುವುದಿಲ್ಲ, ಈ ಸಲ ನೀವೇ ಓದಬೇಕು, ನನ್ನ ಎದುರಿಗೇ ಓದಬೇಕು ಎಂದು ಹಾಳೆಯನ್ನು ಅವರ ಮುಂದೆ ತಳ್ಳಿದೆ.

ಅವರು ಹಾಳೆಯನ್ನು ಎತ್ತಿ, ಮುಖವನ್ನು ಬಲಕ್ಕೆ ತಿರುಗಿಸಿ, ಆಮೇಲೆ ಎಡಕ್ಕೆ ತಿರುಗಿಸಿ, ಕೆಳಗಿಟ್ಟರು.

"ಕಾಣಲ್ಲ ಕಣಮ್ಮ."

ಕನ್ನಡಕ ತರಲಿಲ್ವಾ ಎಂದೆ. ನಾನು ಎಂಥ ಕತ್ತೆ.

"ಕನ್ನಡಕಕ್ಕೆ ಬಗ್ಗೋ ಕಾಯಿಲೆ ಅಲ್ಲ ಇದು. ಅಂಚೆಲ್ಲ ಕಾಣುತ್ತೆ. ನಡುವೆ ಇಲ್ಲ. ನಿನ್ನ ನೇರ ನೋಡಿದ್ರೆ ಮುಖ ಇರೋ ಜಾಗದಲ್ಲಿ ಒಂದು ಬೂದು ಮಚ್ಚೆ. ಪಕ್ಕಕ್ಕೆ ನೋಡಿದ್ರೆ ನಿನ್ನ ಜಡೆ ಕಾಣುತ್ತೆ."

ಹೋದ ವರ್ಷದಿಂದ ಹೀಗಂತೆ. ನಡೆಯಲು, ಮೆಟ್ಟಿಲಿಳಿಯಲು ತೊಂದರೆಯಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಅಕ್ಷರ ಹೋಗಿದೆ, ಮುಖಗಳು ಹೋಗಿವೆ, ಟ್ಯೂಬಿನೊಳಗಿನ ಬಣ್ಣ ಹೋಗಿದೆ. ಕಪಾಟಿನ ಪ್ರತಿ ಬಾಟಲಿಯನ್ನೂ ಅವರೇ ಆರಿಸಿದ್ದು: ನೈಟ್ರಿಕ್‌ಗೆ ಕುಳ್ಳನೆಯದು, ಗಾಜಿನ ಮುಚ್ಚಳ, ಸಲ್ಫ್ಯೂರಿಕ್‌ಗೆ ದಾರ ಕಟ್ಟಿದ್ದು, ಹೈಡ್ರೋಕ್ಲೋರಿಕ್‌ಗೆ ಚಪ್ಪಟೆ ಹೊಟ್ಟೆ. ಕೈ ಮುಟ್ಟಿದರೆ ಗೊತ್ತಾಗುತ್ತಿತ್ತು. ಅನುಮಾನವಾದರೆ ಮೂಗು. ಮಂಗಳವಾರ ಆಕಾರ ಎಲ್ಲ ಒಂದೇ, ಮೂಗೂ ಕಟ್ಟಿತ್ತು, ಹಳೆಯ ಜಾಗವನ್ನೇ ನಂಬಿ ಎತ್ತಿದ್ದರಂತೆ.

ಹಾಗಾದರೆ ಪಟ್ಟಿಯ ಮುಂದೆ ಅಷ್ಟು ಹೊತ್ತು ನಿಂತದ್ದು?

"ಏನು ಬರೆದಿದ್ದೀಯ ಅಂತ ಕೇಳೋಕೆ ಬಾಯಿ ಬರಲಿಲ್ಲ," ಎಂದರು.

ನನ್ನ ಸಮಾನತೆಯ ಮೆರವಣಿಗೆ ಕಪಾಟಿನೊಳಗಿಂದ ನಮ್ಮಿಬ್ಬರನ್ನೂ ನೋಡುತ್ತಿತ್ತು. ನಾನು ವರದಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಮುಚ್ಚಿಡು ಎಂದು ಅವರು ಕೇಳಲಿಲ್ಲ. ಮಾರ್ಚಿನ ತನಕ ಈ ಕೋಣೆಯಲ್ಲಿರಬೇಕು ಎಂದು ಆಸೆ ಇತ್ತು, ಅಷ್ಟೇ ಎಂದರು. ಆಫೀಸಿನಲ್ಲಿ ಕೂತು ಹಾಜರಿ ಕರೆಯಬಹುದಿತ್ತು, ಆದರೆ ಹಾಜರಿಯನ್ನೂ ಓದಬೇಕಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ ೨೦, ಗುರುವಾರ

ಮೂರು ಸಲ ಬರೆದೆ, ಮೂರು ಸಲ ಹರಿದೆ.

ಬೆಳಿಗ್ಗೆ ಹೆಡ್ ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿ, 'ಬಾಟಲಿಗಳ ಜಾಗ ಬದಲಾಗಿತ್ತು' ಎಂದು ಒಂದೇ ಸಾಲು ಬರೆದುಬಿಡಿ, ದೊಡ್ಡದು ಮಾಡುವುದು ಬೇಡ ಎಂದರು. ಅದು ಸುಳ್ಳಲ್ಲ. ಕೆಲಸ ಹೋದರೆ ನನ್ನದು ಹೋಗುತ್ತದೆ, ನಾನು ತಾತ್ಕಾಲಿಕ ಕೆಲಸದವಳು. ಮೇಷ್ಟ್ರು ಮಾರ್ಚಿನ ತನಕ ಇರುತ್ತಾರೆ. ಆದರೆ ಮುಂದಿನ ಸಲ ಅವರ ಕೈಗೆ ಸಿಗುವ ಬಾಟಲಿ ಯಾವುದು? ಆ ಎರಡು ಜಡೆಯ ಹುಡುಗಿ ಯಾವಾಗಲೂ ಮೇಜಿಗೆ ಗಲ್ಲ ಊರಿಕೊಂಡೇ ನೋಡುತ್ತಾಳೆ.

ಕಿರುಹೊತ್ತಿಗೆಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡೆ. ಮಾಲೀಕರ ಬಗ್ಗೆ ಇದೆ, ಅಧಿಕಾರಿಗಳ ಬಗ್ಗೆ ಇದೆ. ಕಣ್ಣು ಕಾಣದ ಮೇಷ್ಟ್ರ ಬಗ್ಗೆ ಒಂದು ಸಾಲೂ ಇಲ್ಲ.

ಅತ್ತಿಗೆ ಗುಂಡಿ ಹೊಲಿಯುತ್ತಾ ಎಲ್ಲ ಕೇಳಿಸಿಕೊಂಡರು. ಸೂಜಿ ಬಾಯಲ್ಲಿ ಕಚ್ಚಿಕೊಂಡಿದ್ದರಿಂದ ಉತ್ತರ ತಡವಾಗಿ ಬಂತು.

"ನಿಜಾನೇ ಬರಿ. ಆದ್ರೆ ಮೊದಲು ಅವರಿಗೇ ಓದಿ ಹೇಳು. ಬೆನ್ನ ಹಿಂದೆ ಕೊಟ್ರೆ ಅದು ಚಾಡಿ ಕಣೇ."

ಜೂನ್ ೨೧, ಶುಕ್ರವಾರ

ಬೆಳಿಗ್ಗೆ ಬೇಗ ಹೋದೆ. ಮೇಷ್ಟ್ರು ಕಪ್ಪುಹಲಗೆ ಒರೆಸುತ್ತಿದ್ದರು. ವರದಿ ಓದುತ್ತೇನೆ ಸರ್, ಕೇಳಿ ಎಂದೆ. ಅವರು ಸ್ಟೂಲಿನ ಮೇಲೆ ಕೂತು ಕೈ ಕಟ್ಟಿದರು, ವೈವಾಕ್ಕೆ ಬಂದ ಹುಡುಗನ ಹಾಗೆ.

ಓದಿದೆ. ಬಳಸುವವರನ್ನು ಕೇಳದೆ ಬಾಟಲಿಗಳ ಜಾಗವನ್ನೂ ಆಕಾರವನ್ನೂ ನಾನು ಬದಲಿಸಿದೆ ಎಂದು ಮೊದಲು. ಮೇಷ್ಟ್ರಿಗೆ ಲೇಬಲ್ ಓದುವಷ್ಟು ಕಣ್ಣು ಕಾಣುವುದಿಲ್ಲ ಎಂದು ಆಮೇಲೆ. ಆ ಸಾಲಿಗೆ ಬಂದಾಗ ನನ್ನ ದನಿ ಇಳಿಯಿತು; ಜೋರಾಗಿ ಓದು ಎಂದರು. ಜೋರಾಗಿ ಓದಿದೆ.

ಅವರು ಕಟ್ಟಿದ ಕೈ ಬಿಚ್ಚಿದರು. ಸಿಟ್ಟು ಬಂದಿತ್ತು, ಕಿವಿಯ ತುದಿ ಕೆಂಪಾಗಿತ್ತು.

"ನೀನು ಒಂದು ಬರೆದು ಇನ್ನೊಂದು ಓದಿದ್ರೆ ನನಗೆ ಹೇಗೆ ಗೊತ್ತಾಗಬೇಕು?"

"ಬೇರೆಯವರ ಹತ್ರ ಓದಿಸಿ ನೋಡಿ ಸರ್. ಕಾಯ್ತೀನಿ."

"ಯಾರ ಹತ್ರ ಓದಿಸಲಿ? ಓದಿಸಿದ್ರೆ ಅವರಿಗೂ ಗೊತ್ತಾಗುತ್ತಲ್ಲ." ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ದನಿ ಹೊರಟಿತು. ನನಗೂ ತಡೆಯಲಾಗಲಿಲ್ಲ.

ನಕ್ಕು ಮುಗಿದ ಮೇಲೆ, ಒಂದು ಬಿಟ್ಟಿದ್ದೀಯ, ಸೇರಿಸು ಎಂದರು. ಸೋಮವಾರ ಪಟ್ಟಿಯ ಮುಂದೆ ನಿಂತು ಓದಿದ ಹಾಗೆ ನಟಿಸಿದ್ದು, ಒಳ್ಳೆ ಕೆಲಸ ಎಂದು ಹೇಳಿ ಹೋದದ್ದು. ಅದು ಬೇಡ ಸರ್ ಎಂದೆ.

"ಅದು ನನ್ನ ಪಾಲು. ನಿನ್ನ ಪಾಲು ಮಾತ್ರ ಬರ್ಕೊಂಡು ದೊಡ್ಡವಳಾಗಬೇಡ. ಸೇರಿಸು."

ಸೇರಿಸಿದೆ. ಅವರ ಬೆರಳು ಹಿಡಿದು ಸಹಿ ಹಾಕುವ ಜಾಗದಲ್ಲಿಟ್ಟೆ. ಸಹಿ ಗೆರೆ ದಾಟಿ ನನ್ನ ಹೆಸರಿನ ಮೇಲೆ ಹತ್ತಿ ಇಳಿಯಿತು.

ಇಬ್ಬರೂ ಒಟ್ಟಿಗೇ ಹೆಡ್ ಮೇಡಂ ಕೋಣೆಗೆ ಹೋದೆವು. ಮೇಡಂ ಓದಿದರು. ನಂಬಲಿಲ್ಲವೋ ಏನೋ, ಕೈ ಎತ್ತಿ, ಇದು ಎಷ್ಟು ಬೆರಳು ಹೇಳಿ ಎಂದರು.

"ಬೆರಳು ಕಾಣಲ್ಲ ಮೇಡಂ. ಬಳೆ ಕಾಣ್ತಿದೆ," ಎಂದರು ಮೇಷ್ಟ್ರು.

ಮೇಡಂ ಕೈ ಇಳಿಸಿದರು. ಸೋಮವಾರ ಹೇಳುತ್ತೇನೆ, ಅಲ್ಲಿಯ ತನಕ ಲ್ಯಾಬಿಗೆ ಬೀಗ ಎಂದರು. ಕೀಲಿಯನ್ನು ಮೇಷ್ಟ್ರು ತಾವೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಜಾರಿ ಕೆಳಗೆ ಬಿತ್ತು. ನಾನು ಎತ್ತಿ ಇಟ್ಟೆ.

ಜೂನ್ ೨೨, ಶನಿವಾರ

ಏನೂ ಇಲ್ಲ. ಊಟ ಸೇರಲಿಲ್ಲ.

ಜೂನ್ ೨೪, ಸೋಮವಾರ

ತೀರ್ಪು ಬಂತು. ಮೇಷ್ಟ್ರು ಪಾಠ ಮಾಡಬಹುದು, ಲ್ಯಾಬಿನಲ್ಲೇ ಮಾಡಬಹುದು. ಆದರೆ ಒಂದು ಬಾಟಲಿಯನ್ನೂ ಮುಟ್ಟುವ ಹಾಗಿಲ್ಲ. ತರುವುದು, ಸುರಿಯುವುದು, ವಾಪಸ್ ಇಡುವುದು ನಾನು. ಸುರಿಯುವ ಮೊದಲು ಲೇಬಲ್ಲನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ರಿಜಿಸ್ಟರಿನಲ್ಲಿ ಪ್ರತಿ ಬಾರಿಯೂ ಹೊಣೆ ನನ್ನದೆಂದು ಸಹಿ ಹಾಕಬೇಕು. ಇನ್ನೊಂದು ಸಲ ಏನಾದರೂ ಆದರೆ ಇಬ್ಬರೂ ಮನೆಗೆ.

ಒಪ್ಪಿಗೆಯಾ ಎಂದು ಮೇಡಂ ಕೇಳಿದರು. ಮೇಷ್ಟ್ರು ನನ್ನ ಜಡೆಯ ಕಡೆ ನೋಡುತ್ತಿದ್ದರು, ಅಂದರೆ ನನ್ನನ್ನೇ. ಒಪ್ಪಿಗೆ ಎಂದೆ. ಹೊರಗೆ ಬಂದ ಮೇಲೆ, ಹೆದರಿಕೆ ಆಗ್ತಿದ್ಯಾ ಎಂದು ಕೇಳಿದರು. ಆಗ್ತಿದೆ ಎಂದೆ. ಆಗಲಿ, ಆಸಿಡ್ ಹಿಡಿಯೋ ಕೈಗೆ ಸ್ವಲ್ಪ ಇರಬೇಕು ಎಂದರು.

ಜುಲೈ ೧, ಸೋಮವಾರ

ನಮ್ಮ ಮೊದಲ ಪಾಠ ಪೂರ್ತಿ ನೆಗೆದುಬಿತ್ತು.

ಕಣ್ಣಿನ ವಿಷಯವನ್ನು ಮೇಷ್ಟ್ರು ಮಕ್ಕಳಿಗೆ ತಾವೇ ಹೇಳಿದರು. ನಾನು ಲೇಬಲ್ ಓದಿದೆ. ನಿಯಮದ ಪ್ರಕಾರ ಪೂರ್ತಿ ಓದಿದೆ: ಹೆಸರು, ತೀವ್ರತೆ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ, ಕಾರ್ಖಾನೆಯ ವಿಳಾಸ. ಮಕ್ಕಳು ಪ್ರತಿಯೊಂದನ್ನೂ ಒಟ್ಟಾಗಿ ತಿರುಗಿ ಹೇಳಿದರು. ಬ್ಯಾಚ್ ಸಂಖ್ಯೆಗೆ ರಾಗ ಕೂಡ ಹಾಕಿದರು. ಎರಡನೇ ಬಾಟಲಿ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯಿತು. ಪ್ರಯೋಗ ಆಗಲೇ ಇಲ್ಲ.

ಮೇಷ್ಟ್ರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹಾಗೆ ನಿಲ್ಲುವುದು ಅವರಿಗೆ ಕಷ್ಟವೆಂದು ಕಾಣುತ್ತಿತ್ತು. ಹೆಬ್ಬೆರಳು ಒಂದನ್ನೊಂದು ಉಜ್ಜುತ್ತಿದ್ದವು. ಮಕ್ಕಳು ಹೋದ ಮೇಲೆ, ಕಾರ್ಖಾನೆಯವರು ಮದುವೆಗೆ ಕರೆದ್ರೆ ದಾರಿ ಗೊತ್ತಾಯ್ತು ಬಿಡು ಎಂದರು. ಹೆಸರು ಮತ್ತು ತೀವ್ರತೆ ಸಾಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಅತ್ತಿಗೆ ನನ್ನ ಹಳೆಯ ಕಿರುಹೊತ್ತಿಗೆಯೊಂದನ್ನು ರವಿಕೆಯ ತೋಳಿನ ಅಳತೆಗೆ ಕತ್ತರಿಸಿಬಿಟ್ಟಿದ್ದಾರೆ. ಒಳ್ಳೆ ದಪ್ಪ ಕಾಗದ, ಚೆನ್ನಾಗಿ ಕೂತಿದೆ ಎಂದರು. ಹೌದು, ಚೆನ್ನಾಗೇ ಕೂತಿತ್ತು.

ಜುಲೈ ೪, ಗುರುವಾರ

ಇವತ್ತು ಟಪ್ ಅಂದಿತು.

ಜುಲೈ ೯, ಮಂಗಳವಾರ

ಒಂಬತ್ತನೇ ತರಗತಿ. ಲೋಹದ ಉಪ್ಪುಗಳಿಗೆ ಕಾಸ್ಟಿಕ್ ಸೋಡಾ ಹಾಕಿದರೆ ತಳಕ್ಕೆ ಏನು ಇಳಿಯುತ್ತದೆ ಎಂಬ ಪ್ರಯೋಗ. ಮೊದಲು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ನಾನು ಓದಿದೆ, ಮಕ್ಕಳು ಹೇಳಿದರು, ಸುರಿದೆ.

ಏನು ಬಣ್ಣ ಎಂದು ಮೇಷ್ಟ್ರು ಕೇಳಿದರು. ನೀಲಿ ಎಂದರು ಎಲ್ಲರೂ. ಹಿಂದೆಲ್ಲ ಇಷ್ಟಾದರೆ, ಸರಿ, ಬರ್ಕೊಳ್ಳಿ ಎಂದು ಮುಂದೆ ಹೋಗುತ್ತಿದ್ದರಂತೆ. ಇವತ್ತು ಹೋಗಲಿಲ್ಲ.

"ಯಾವ ನೀಲಿ? ನನಗೆ ಕಾಣಲ್ಲ ಅಂತ ನಿಮಗೆಲ್ಲ ಗೊತ್ತಲ್ಲ. ನನಗೆ ಕಾಣೋ ಹಾಗೆ ಹೇಳಿ."

 ಒಬ್ಬ ಪೆನ್ನಿನ ಶಾಯಿ ಎಂದ. ಎರಡು ಜಡೆಯ ಹುಡುಗಿ, ಅಲ್ಲ, ಶಾಯಿ ಚೆಲ್ಲಿದ ಅಂಗಿಯನ್ನು ಅಮ್ಮ ತಿಕ್ಕಿ ತಿಕ್ಕಿ ತೊಳೆದ ಮೇಲೆ ಉಳಿಯುತ್ತಲ್ಲ, ಅದು ಎಂದಳು. ಗಟ್ಟಿಯಾ, ನೀರಾ ಎಂದು ಮೇಷ್ಟ್ರು ಕೇಳಿದರು. ಹಾಲು ಒಡೆದ ಹಾಗೆ ಎಂದು ಕಿಟಕಿಯ ಹತ್ತಿರದವನು. ಇಲ್ಲ, ಒಡೆದ ಹಾಲು ಕೆಳಗೆ ಕೂರುತ್ತೆ, ಇದಕ್ಕೆ ಕೂರೋಕೆ ಮನಸ್ಸಿಲ್ಲ ಎಂದು ಅವನ ಪಕ್ಕದವಳು. ಬೆಂಚು ಬಿಟ್ಟು ಎಲ್ಲರೂ ಟ್ಯೂಬಿನ ಸುತ್ತ ಬಂದರು. ನಾನು ಅವರನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿದೆ.

"ನೀನೇನಂತೀಯ?" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು.

ಈ ದ್ರಾವಣವನ್ನು ವಾರದಿಂದ ನಾನೇ ತಯಾರಿಸುತ್ತಿದ್ದೇನೆ. ಗ್ರಾಂ ಗೊತ್ತು, ಬ್ಯಾಚ್ ಗೊತ್ತು. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

"ಬೆಳಗಿನ ಜಾವ ಎದ್ದು ದೀಪ ಆರಿಸಿದ ತಕ್ಷಣ ಕಿಟಕಿಯಲ್ಲಿ ಒಂದು ನೀಲಿ ಕಾಣುತ್ತಲ್ಲ ಸರ್, ಅದು."

ಮೇಷ್ಟ್ರ ಬೆನ್ನ ಹಿಂದಿನ ಕೈಗಳು ಬಿಟ್ಟುಕೊಂಡವು. "ಹಾಗಾದ್ರೆ ಸರಿಯಾಗೇ ಬಂದಿದೆ," ಎಂದರು.

ಆಮೇಲೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಹಸಿರು ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿದರೆ ಬಿಡುವುದಿಲ್ಲ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಿಂತ ನೀರಿನ ಪಾಚಿ ಎಂದು ಒಂದು ಗುಂಪು, ನಮ್ಮ ತಾತನ ಸ್ವೆಟರ್ ಎಂದು ಒಬ್ಬ. ಜಗಳ ಏರುತ್ತಿದ್ದ ಹಾಗೇ ಒಬ್ಬಳು, ಸರ್, ಮೇಲಿನಿಂದ ತುಕ್ಕು ಹಿಡೀತಾ ಇದೆ ಎಂದಳು. ನಿಜ, ನೋಡುತ್ತಿದ್ದ ಹಾಗೇ ಮೇಲ್ಭಾಗ ಕಂದಾಗುತ್ತಿತ್ತು. ಗಾಳಿ ತಗುಲಿದರೆ ಹಾಗೆಯೇ, ಅದಕ್ಕೇ ಬೇಗ ನೋಡಬೇಕು ಎಂದರು ಮೇಷ್ಟ್ರು. ಗಂಟೆ ಹೊಡೆದು, ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಂತರೂ ಇವರು ಕದಲಲಿಲ್ಲ. ಕಡೆಗೆ ಅವರೂ ಒಳಗೆ ಬಂದು ಸ್ವೆಟರ್ ಕಡೆಗೋ ಪಾಚಿಯ ಕಡೆಗೋ ಸೇರಿಕೊಂಡರು.

ಸಂಜೆ ರಿಜಿಸ್ಟರು ತೆಗೆದೆ. ಕಾಸ್ಟಿಕ್ ಸೋಡಾ ದ್ರಾವಣ, ಮೈಲುತುತ್ತ, ಅನ್ನಭೇದಿ, ಪ್ರಮಾಣ, ಹೊಣೆ, ನನ್ನ ಸಹಿ. ಕೊನೆಯಲ್ಲಿ 'ಷರಾ' ಎಂಬ ಕಲಂ ಇದೆ. ಬಾಟಲಿ ಸೋರಿದರೆ, ಒಡೆದರೆ, ಅವಧಿ ಮುಗಿದರೆ ಅದರಲ್ಲಿ ಬರೆಯಬೇಕು. ಇವತ್ತು ಏನೂ ಸೋರಲಿಲ್ಲ, ಒಡೆಯಲಿಲ್ಲ. ಮೈಲುತುತ್ತದ ಮುಂದೆ 'ದೀಪ ಆರಿಸಿದ ತಕ್ಷಣದ ಕಿಟಕಿ' ಎಂದು ಬರೆದೆ. ಅನ್ನಭೇದಿಯ ಮುಂದೆ 'ಪಾಚಿ (ಹನ್ನೆರಡು ಮತ), ಸ್ವೆಟರ್ (ಒಂಬತ್ತು)' ಎಂದು ಬರೆದು, ತುಕ್ಕಿನ ವಿಷಯ ಸೇರಿಸುವಷ್ಟರಲ್ಲಿ ಜಾಗ ಮುಗಿದು ಅಕ್ಷರ ಕೆಳಗಿನ ಸಾಲಿಗೆ ಇಳಿಯಿತು.

ಮೇಷ್ಟ್ರಿಗೆ ಓದಿ ಹೇಳಿದೆ. ತಪಾಸಣೆಗೆ ಬಂದವರು ಇದೇನು ಅಂತ ಕೇಳಿದರೆ ಏನು ಹೇಳ್ತೀಯ ಎಂದರು. ಟ್ಯೂಬು ತಂದು ಅವರನ್ನೇ ಕೇಳ್ತೀನಿ ಎಂದೆ.

ನಾಳೆ ಫೆರಿಕ್ ಕ್ಲೋರೈಡ್. ಷರಾ ಕಲಂ ಅಗಲ ಮಾಡಲು ಬೆಳಿಗ್ಗೆ ಸ್ಕೇಲು ತೆಗೆದುಕೊಂಡು ಹೋಗಬೇಕು.